ಸೀಸ, ನೀರಿನ ಚೀಲ, ಪೈಪ್ ಎಳೆದ ಬ್ಯಾಲಾಸ್ಟ್: ಮೂರು ಬೇಸಿಗೆಯಲ್ಲಿ ನಾನು ಕಂಡದ್ದು

ನಮ್ಮದು 19 ಅಡಿಯ ಬೋಟು. ಮುಂಭಾಗದಲ್ಲೂ ಕೂರಲು ಜಾಗ ಇರುವ ಬೋರೈಡರ್, ಹಿಂದೆ ಸ್ಟರ್ನ್‌ಡ್ರೈವ್, ಅಂದರೆ ಎಂಜಿನ್ ಬೋಟಿನ ಒಳಗೆ, ಪ್ರೊಪೆಲರ್ ಹಿಂದೆ ಹೊರಗೆ. ಟೆಕ್ಸಸ್‌ನ ಆಸ್ಟಿನ್ ಹತ್ತಿರ ಲೇಕ್ ಟ್ರಾವಿಸ್ ಇದೆಯಲ್ವಾ, ಅಲ್ಲಿ ಶನಿವಾರ, ಭಾನುವಾರ ಸುತ್ತಾಡಲು ಕೊಂಡದ್ದು. ಮಗಳು ವೇಕ್‌ಬೋರ್ಡ್ ಕಲಿತಳು: ಬೋಟು ಎಳೆಯುವ ಹಗ್ಗ ಹಿಡಿದು, ಹಲಗೆಯ ಮೇಲೆ ನಿಂತು, ಬೋಟಿನ ಅಲೆಯಿಂದ ಹಾರುವ ಆಟ. ಎರಡೇ ತಿಂಗಳಲ್ಲಿ ಅವಳಿಗೆ ನಮ್ಮ ಬೋಟಿನ ಅಲೆ ಸಾಲದಾಯಿತು. "ಅಪ್ಪಾ, ಇದು ಹಾರಿಸೋದೇ ಇಲ್ಲ" ಅಂತ ಶುರು.

ಅವಳು ಹೇಳಿದ್ದು ನಿಜ. ಹಗುರವಾದ ಬೋಟು ನೀರಿನ ಮೇಲೆ ಜಾರಿಕೊಂಡು ಹೋಗಿಬಿಡುತ್ತದೆ. ಭಾರ ಇದ್ದರೆ ನೀರಲ್ಲಿ ಇಳಿದು, ಹಿಂದೆ ಹಳ್ಳ ಮಾಡಿಕೊಂಡು ಹೋಗುತ್ತದೆ. ಆ ಹಳ್ಳದ ಎರಡೂ ಬದಿಗೆ ಏಳುವ ಅಲೆಯೇ ವೇಕ್. ವೇಕ್‌ಬೋರ್ಡ್‌ಗೆ ಬೋಟು ಗಂಟೆಗೆ 30ರಿಂದ 37 ಕಿಲೋಮೀಟರ್ ವೇಗದಲ್ಲಿ ಓಡಬೇಕು. ಆ ವೇಗದಲ್ಲಿ ಒಳ್ಳೆಯ ಅಲೆ ಬೇಕೆಂದರೆ ಭಾರ ಹೇರುವುದೇ ದಾರಿ. ಹೀಗೆ ಹೇರುವ ಭಾರಕ್ಕೇ ಬ್ಯಾಲಾಸ್ಟ್ ಅನ್ನುವುದು.

ಎಷ್ಟು ಹೇರಬಹುದು? ಅಮೆರಿಕದಲ್ಲಿ 20 ಅಡಿಗಿಂತ ಚಿಕ್ಕ ಮೋಟಾರ್ ಬೋಟುಗಳಿಗೆ ಒಂದು ಫಲಕ ಹಾಕಿರುತ್ತಾರೆ. ಎಷ್ಟು ಜನ, ಎಷ್ಟು ತೂಕ ಅಂತ ಅದರಲ್ಲಿ ಬರೆದಿರುತ್ತದೆ. ನಮ್ಮದರಲ್ಲಿ ಜನ, ಸಾಮಾನು ಎಲ್ಲ ಸೇರಿ 1,450 ಪೌಂಡ್, ಅಂದರೆ ಸುಮಾರು 658 ಕಿಲೋ. ನಾವು ನಾಲ್ಕು ಜನ ಹತ್ತಿದರೆ 270 ಕಿಲೋ. ಐಸ್ ಪೆಟ್ಟಿಗೆ, ಬೋರ್ಡು, ಹಗ್ಗಕ್ಕೆ ಇನ್ನೊಂದು 30. ಬ್ಯಾಲಾಸ್ಟ್‌ಗೆ ಉಳಿದದ್ದು 358 ಕಿಲೋ. ನೀರಾಗಲಿ, ಸೀಸವಾಗಲಿ, ಈ ಗೆರೆ ದಾಟಬಾರದು ಎಂದು ಮೊದಲೇ ತೀರ್ಮಾನ ಮಾಡಿದ್ದೆ.

ಮೊದಲ ಬೇಸಿಗೆ ಸೀಸ. ಸೀಸದ ಗುಂಡು ತುಂಬಿ ಗಟ್ಟಿಯಾಗಿ ಮುಚ್ಚಿದ ಚೀಲಗಳು ಸಿಗುತ್ತವೆ. ಒಂದೊಂದು 50 ಪೌಂಡ್, ಸುಮಾರು 23 ಕಿಲೋ. ಹತ್ತು ತಂದೆ. ಸೀಸ ನೀರಿಗಿಂತ 11 ಪಟ್ಟು ಭಾರ. ಹಾಗಾಗಿ 230 ಕಿಲೋ ಭಾರ ಎರಡು ಬಿಂದಿಗೆಯಷ್ಟು ಜಾಗದಲ್ಲಿ ಕೂತಿತು. ಸೀಟು ಯಾವುದೂ ಹೋಗಲಿಲ್ಲ, ಪಂಪ್ ಬೇಕಿಲ್ಲ, ಕಾಯುವುದೂ ಬೇಕಿಲ್ಲ. ಬೇಕಾದ ಕಡೆಗೆ ಒಂದೊಂದೇ ಚೀಲ ಸರಿಸಿ ಅಲೆಯನ್ನು ತಿದ್ದಬಹುದು. ಅಲೆ ಮಾತ್ರ ನೋಡಿದರೆ ಇದೇ ಮೇಲು ಎಂದು ಈಗಲೂ ಹೇಳುತ್ತೇನೆ.

ಭಾರ ಎಲ್ಲಿ ಕೂರಬೇಕು ಎಂಬುದನ್ನೂ ಸೀಸವೇ ಕಲಿಸಿತು. ನಮ್ಮೂರಲ್ಲಿ ಎತ್ತಿನ ಗಾಡಿಗೆ ಹುಲ್ಲು ಹೇರುವುದನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಹಿಂಭಾರ ಆದರೆ ಮೂಕಿ ಮೇಲೇಳುತ್ತದೆ, ಮುಂಭಾರ ಆದರೆ ಎತ್ತಿನ ಹೆಗಲಿಗೆ ಬೀಳುತ್ತದೆ. ಬೋಟಿನಲ್ಲೂ ಹಾಗೇ. ಎಲ್ಲವನ್ನೂ ಹಿಂದೆ ಹಾಕಿದೆ. ಅಲೆ ಎತ್ತರವಾಯಿತು, ಆದರೆ ತುದಿಯಲ್ಲಿ ಬರೀ ನೊರೆ. ಬೋಟಿನ ಮೂತಿ ಎದ್ದು ನನಗೆ ಮುಂದಿನ ನೀರೇ ಕಾಣುತ್ತಿರಲಿಲ್ಲ. ಆರು ಚೀಲ ಹಿಂದೆ, ನಾಲ್ಕು ಮುಂದೆ ಹಾಕಿದ ಮೇಲೆ ಅಲೆ ಉದ್ದವಾಗಿ, ನಯವಾಗಿ ಬಂತು.

ಜುಲೈನ ಒಂದು ಶನಿವಾರ ಮಧ್ಯಾಹ್ನ ಮಗಳು ಬಿದ್ದಳು. ಅವಳನ್ನು ಕರೆತರಲು ನಿಧಾನವಾಗಿ ತಿರುಗಿದೆ. ಅಷ್ಟರಲ್ಲಿ ದೊಡ್ಡ ಬೋಟೊಂದು ಹಾದುಹೋಯಿತು. ಅದರ ಅಲೆ ನಮ್ಮ ಮೂತಿಯ ಮೇಲೇ ಹತ್ತಿ ಒಳಗೆ ಸುರಿಯಿತು. ಕಾಲಿನ ಗಂಟಿನವರೆಗೆ ನೀರು. ತಳದಲ್ಲಿ ಸೇರುವ ನೀರು ಎತ್ತಲೆಂದೇ ಇರುವ ಬಿಲ್ಜ್ ಪಂಪ್ ಎಲ್ಲವನ್ನೂ ಹೊರಹಾಕಿತು, ಯಾರಿಗೂ ಏನೂ ಆಗಲಿಲ್ಲ. ಆದರೆ ಆ ರಾತ್ರಿ ನಿದ್ದೆ ಹತ್ತಲಿಲ್ಲ. ನೀರಿನ ಚೀಲ ಇದ್ದಿದ್ದರೂ ಮೂತಿ ಇಷ್ಟೇ ತಗ್ಗಿರುತ್ತಿತ್ತು, ಅದು ನಿಜ. ವ್ಯತ್ಯಾಸ ಇರುವುದು ಬೋಟು ಪೂರ್ತಿ ನೀರು ತುಂಬಿಕೊಂಡಾಗ. ನೀರಿನೊಳಗೆ ಮುಳುಗಿದ ನೀರಿಗೆ ಭಾರವಿಲ್ಲ, ಚೀಲ ಸುಮ್ನೆ ಇರುತ್ತದೆ. ಸೀಸ ಕೆಳಕ್ಕೆ ಎಳೆಯುತ್ತಲೇ ಇರುತ್ತದೆ. ಬೋಟನ್ನು ತೇಲಿಸಲು ಒಳಗೆ ಹಾಕಿರುವ ಫೋಮ್ ಆ ಸೀಸವನ್ನು ಲೆಕ್ಕಕ್ಕೆ ಹಿಡಿದದ್ದಲ್ಲ. ಮಕ್ಕಳು ಕೂರುವ ಚಿಕ್ಕ ಬೋಟಿನಲ್ಲಿ ಸೀಸ ಬೇಡ ಎಂದು ಅವತ್ತೇ ಇಳಿಸಿದೆ. ಇಳಿಸುವುದೇನೂ ಸುಲಭವಲ್ಲ. ಬಿಸಿಲಲ್ಲಿ ಜಾರುವ ರ‍್ಯಾಂಪ್ ಮೇಲೆ 23 ಕಿಲೋದ ಚೀಲ ಹೊತ್ತು ಹತ್ತು ಸಲ ಓಡಾಡಬೇಕು. ಇಳಿಸದೇ ಬಿಟ್ಟರೆ ಟ್ರೇಲರ್ ಅಷ್ಟನ್ನೂ ಹೊತ್ತು ಮನೆಗೆ ಬರಬೇಕು.

ಎರಡನೇ ಬೇಸಿಗೆ ನೀರಿನ ಚೀಲ. ದಪ್ಪ ವಿನೈಲ್‌ನ ಮೂರು ಚೀಲ, ತಲಾ 250 ಪೌಂಡ್, ಅಂದರೆ 113 ಲೀಟರ್. ಮೂರೂ ತುಂಬಿದರೆ ಸುಮಾರು 340 ಕಿಲೋ. ನಮ್ಮ ಲೆಕ್ಕಕ್ಕೆ ಸರಿಯಾಗಿ ಕೂತಿತು. ಹಿಂದೆ ಎಡಕ್ಕೊಂದು, ಬಲಕ್ಕೊಂದು, ಮುಂದೆ ಒಂದು. 12 ವೋಲ್ಟ್‌ನ ಚಿಕ್ಕ ಪಂಪನ್ನು ಬೋಟಿನ ಪಕ್ಕದಿಂದ ನೀರಿಗೆ ಇಳಿಬಿಟ್ಟು ಪೈಪಿನಿಂದ ತುಂಬಿಸುವುದು. ಗಂಟೆಗೆ 800 ಗ್ಯಾಲನ್ ಎಂದು ಪಂಪಿನ ಮೇಲೆ ಬರೆದಿತ್ತು. ಆ ಲೆಕ್ಕಕ್ಕೆ ಒಂದು ಚೀಲ ಎರಡೂವರೆ ನಿಮಿಷದೊಳಗೆ ತುಂಬಬೇಕು. ನೀರನ್ನು ಮೇಲಕ್ಕೆ ಎತ್ತಬೇಕಲ್ಲ, ನನಗೆ ನಾಲ್ಕು ನಿಮಿಷ ಹಿಡಿಯಿತು. ಪೈಪ್ ಬದಲಾಯಿಸುವುದೂ ಸೇರಿ ಮೂರಕ್ಕೆ ಹದಿನೈದು ನಿಮಿಷ. ಖಾಲಿ ಮಾಡಲು ಇನ್ನೂ ಸ್ವಲ್ಪ ಜಾಸ್ತಿ.

ಚೀಲವನ್ನು ಅರ್ಧ ತುಂಬಿಸಿ ಓಡಿಸಬೇಡಿ. ತಿರುವಿನಲ್ಲಿ ನೀರೆಲ್ಲ ಒಂದೇ ಕಡೆಗೆ ನುಗ್ಗಿ ಬೋಟನ್ನು ವಾಲಿಸುತ್ತದೆ. ಗಾಳಿ ಪೂರ್ತಿ ಹೊರಗೆ ಹೋಗಿ, ಚೀಲ ಬಿಗಿಯಾಗುವವರೆಗೆ ತುಂಬಿಸಿ. ಕಡಿಮೆ ಭಾರ ಬೇಕಿದ್ದರೆ ಚಿಕ್ಕ ಚೀಲ ತನ್ನಿ.

ಕಷ್ಟ ಎಂದರೆ ಜಾಗ. ಮುಂದಿನ ಚೀಲ ಇಟ್ಟ ಮೇಲೆ ಅಲ್ಲಿ ಯಾರೂ ಕೂರುವಂತಿಲ್ಲ. ನೆಲವೆಲ್ಲ ಒದ್ದೆ. ಜೊತೆಗೆ ಎಂಜಿನ್‌ಗೆ ಎಳೆಯುವುದು ಕಷ್ಟವಾಯಿತು, ಮಗಳು ನೀರಿನಿಂದ ಏಳುವಷ್ಟರಲ್ಲಿ ಕೈ ಸೋಲುತ್ತಿತ್ತು. 21 ಇಂಚು ಪಿಚ್ಚಿನ (ಲೆಕ್ಕಕ್ಕೆ ಒಂದು ಸುತ್ತಿಗೆ ಅಷ್ಟು ಮುಂದೆ ಸಾಗುವ) ಪ್ರೊಪೆಲರ್ ತೆಗೆದು 19ರದ್ದು ಹಾಕಿದ ಮೇಲೆ ಸರಿಹೋಯಿತು. ಭಾರ ಯಾವುದೇ ಇರಲಿ, ಸ್ಟರ್ನ್‌ಡ್ರೈವ್ ಇರುವವರು ಈ ಖರ್ಚನ್ನು ಮೊದಲೇ ಸೇರಿಸಿಕೊಳ್ಳಿ.

ಮೂರನೇ ಬೇಸಿಗೆ, ಆ ಹದಿನೈದು ನಿಮಿಷ ಉಳಿಸಬೇಕೆಂದು ಪೈಪ್ ಎಳೆಸಿದೆ. ಬೋಟಿನ ತಳಕ್ಕೆ ಒಂದು ತೂತು, ಅದಕ್ಕೊಂದು ವಾಲ್ವ್, ಚೀಲಕ್ಕೊಂದರಂತೆ ಇಂಪೆಲರ್ ಪಂಪ್. ಇಂಪೆಲರ್ ಅಂದರೆ ಒಳಗೆ ತಿರುಗುವ ರೆಕ್ಕೆಯ ಚಕ್ರ; ಒಂದು ಕಡೆಗೆ ತಿರುಗಿದರೆ ಚೀಲ ತುಂಬುತ್ತದೆ, ಇನ್ನೊಂದು ಕಡೆಗೆ ತಿರುಗಿದರೆ ಖಾಲಿ. ಚೀಲಗಳು ಸೀಟಿನ ಕೆಳಗೆ, ಸ್ವಿಚ್ಚು ಸ್ಟಿಯರಿಂಗ್ ಪಕ್ಕ. ತೂತು ಕೊರೆದ ಅಂಗಡಿಯವರು ಸೀಲ್ ಸರಿಯಾಗಿ ಹಾಕಿರಲಿಲ್ಲ. ಮೊದಲ ದಿನವೇ ತಳದಲ್ಲಿ ನೀರು ಜಿನುಗಿ, ಮತ್ತೆ ಬಿಚ್ಚಿಸಬೇಕಾಯಿತು. ಆಮೇಲೆ ತುಂಬಾ ಆರಾಮ. ಮೂರು ಸ್ವಿಚ್ ಒತ್ತಿದರೆ ಐದು ನಿಮಿಷದಲ್ಲಿ ಎಲ್ಲ ಭರ್ತಿ. ಒಂದು ಎಚ್ಚರಿಕೆ: ಇಂಪೆಲರ್‌ನ ರಬ್ಬರ್ ರೆಕ್ಕೆಗೆ ನೀರೇ ಎಣ್ಣೆ. ಚೀಲ ಖಾಲಿಯಾದ ಮೇಲೂ ಪಂಪ್ ಓಡುತ್ತಿದ್ದರೆ ರೆಕ್ಕೆ ಸುಟ್ಟುಹೋಗುತ್ತದೆ. ನಾನು ಒಂದನ್ನು ಹಾಗೆ ಕಳೆದುಕೊಂಡೆ.

ಆದರೂ ಇದನ್ನು ಬಿಟ್ಟದ್ದು ಪಂಪಿಗಾಗಿ ಅಲ್ಲ. ಎರಡು ವಾರದ ಮೇಲೆ ಸೀಟು ಎತ್ತಿ ಚೀಲ ಬಿಚ್ಚಿದೆ. ಪಂಪ್ ಎಲ್ಲವನ್ನೂ ಎಳೆದಿದೆ ಎಂದುಕೊಂಡ ಚೀಲದಲ್ಲಿ ಇನ್ನೂ ಐದಾರು ಲೀಟರ್ ನೀರು. ಲೇಕ್ ಟ್ರಾವಿಸ್‌ನಲ್ಲಿ 2017ರಿಂದ ಜೀಬ್ರಾ ಮಸ್ಸೆಲ್ ಇದೆ. ಉಗುರಿನಷ್ಟು ಚಿಕ್ಕ ಚಿಪ್ಪಿನ ಜೀವಿ. ಪೈಪು, ಬಂಡೆ, ದಡದ ಕಟ್ಟೆ ಎಲ್ಲಕ್ಕೂ ದಟ್ಟವಾಗಿ ಅಂಟಿಕೊಳ್ಳುತ್ತದೆ. ಅದರ ಮರಿ ಕಣ್ಣಿಗೇ ಕಾಣುವುದಿಲ್ಲ, ಒಂದು ಲೋಟ ನೀರಿನಲ್ಲೂ ಇರಬಹುದು. ಕೆರೆ ಬಿಟ್ಟು ಹೊರಡುವಾಗ ಬೋಟಿನ ನೀರೆಲ್ಲ ಬಸಿಯಬೇಕು ಎಂಬ ನಿಯಮ 2014ರಿಂದ ಟೆಕ್ಸಸ್ ಪೂರ್ತಿ ಇದೆ. ನಾವು ವರ್ಷಕ್ಕೆ ಎರಡು ಮೂರು ಸಲ ಬೇರೆ ಕೆರೆಗಳಿಗೂ ಹೋಗುತ್ತೇವೆ. ಸೀಟಿನ ಕೆಳಗೆ ಆ ನೀರು ಇಟ್ಟುಕೊಂಡು ಹೋಗಲು ನನಗೆ ಮನಸ್ಸು ಬರಲಿಲ್ಲ. ಇನ್ನೊಬ್ಬರ ಕೆರೆ ಕೆಡಿಸಿ ನಮ್ಮ ಮಗಳು ಹಾರಬೇಕಾ?

ಈಗ ತಳದ ವಾಲ್ವ್ ಮುಚ್ಚಿದೆ. ಮತ್ತೆ ಬಿಡಿ ಚೀಲ, ಪಕ್ಕದಿಂದ ಇಳಿಬಿಡುವ ಆ ಚಿಕ್ಕ ಪಂಪು. ಮನೆಗೆ ಬಂದ ಮೇಲೆ ಚೀಲಗಳನ್ನು ಬಾಯಿ ಕೆಳಗೆ ಮಾಡಿ ಗ್ಯಾರೇಜಿನಲ್ಲಿ ನೇತುಹಾಕುತ್ತೇನೆ. ಒಳಗೆಲ್ಲ ಒಣಗುವವರೆಗೆ ಬೇರೆ ಕೆರೆಗೆ ಒಯ್ಯುವುದಿಲ್ಲ. ನಿಮ್ಮ ಬೋಟು ವರ್ಷವಿಡೀ ಒಂದೇ ಕೆರೆಯ ದಡದಲ್ಲಿ, ಲಿಫ್ಟ್ ಮೇಲೆ ನಿಲ್ಲುವುದಾದರೆ ಪೈಪ್ ಎಳೆಸಿ, ಚಿಂತೆಯಿಲ್ಲ. ಟ್ರೇಲರ್ ಮೇಲೆ ಊರೂರು ಸುತ್ತುವವರಿಗೆ ಬಿಡಿ ಚೀಲವೇ ಸರಿ.

ಮಗಳು ಈಗ ಒಂದು ಅಲೆಯಿಂದ ಹಾರಿ ಇನ್ನೊಂದು ಅಲೆಗೆ ಇಳಿಯುತ್ತಾಳೆ. ಈ ಸಲ ವೇಕ್‌ಸರ್ಫ್ ಕೇಳುತ್ತಿದ್ದಾಳೆ. ಅದರಲ್ಲಿ ಹಗ್ಗ ಬಿಟ್ಟು ಬೋಟಿನ ಬೆನ್ನಿಗೇ ನಿಂತು ಸಾಗಬೇಕು. ನಮ್ಮದರಲ್ಲಿ ಪ್ರೊಪೆಲರ್ ಹಿಂದಕ್ಕೆ ಚಾಚಿಕೊಂಡಿದೆ, ಎಂಜಿನ್ ಹೊಗೆಯೂ ಅಲ್ಲೇ ಬರುತ್ತದೆ. ಪ್ರೊಪೆಲರ್ ತಳದ ಕೆಳಗೆ ಒಳಗಿರುವ ಬೋಟು ಸಿಗುವವರೆಗೆ ಆಗುವುದಿಲ್ಲ ಮಗಳೇ ಎಂದು ಹೇಳಿದ್ದೇನೆ.