ವಸತಿ ಅನುದಾನ ಹಂಚಿಕೆ: ಸೂತ್ರವೋ, ಸ್ಪರ್ಧೆಯೋ?

ಪ್ರದೇಶಗಳಿಗೆ ವಸತಿ ನಿಧಿಯನ್ನು ಸೂತ್ರದಂತೆ ಹಂಚಬೇಕೋ, ಅರ್ಜಿ ಕರೆದು ಅಂಕ ಕೊಟ್ಟು ಹಂಚಬೇಕೋ ಎಂದು ಕೇಳಿದ್ದೀರಿ.

ಜನಸಂಖ್ಯೆ, ಬಡತನ, ಶಿಥಿಲ ಮನೆಗಳ ಲೆಕ್ಕ ಹಿಡಿದ ಸೂತ್ರದಲ್ಲಿ ಯಾರ ಪಾಲು ಎಷ್ಟೆಂಬುದು ಮೊದಲೇ ತಿಳಿದಿರುತ್ತದೆ. ಶಿಫಾರಸಿಗೆ ಜಾಗ ಕಡಿಮೆ. ಆದರೆ ಸೂತ್ರ ನಂಬುವುದು ಹಳೆಯ ಜನಗಣತಿಯನ್ನು. ಈಚೆಗೆ ಬೆಳೆದ ಪಟ್ಟಣ ಅದರ ಕಣ್ಣಿಗೆ ಇನ್ನೂ ಹಳ್ಳಿಯೇ! ಸ್ಪರ್ಧೆ ಒಳ್ಳೆಯ ಯೋಜನೆಯನ್ನು ಆರಿಸುತ್ತದೆ ಎನ್ನುತ್ತಾರೆ. ನನ್ನ ಪ್ರಕಾರ ಅದು ಹಲವು ಸಲ ಒಳ್ಳೆಯ ಅರ್ಜಿಯನ್ನು ಆರಿಸುತ್ತದೆ. ಯೋಜನಾ ವರದಿ ಬರೆಯುವ ಸಿಬ್ಬಂದಿಯಿಲ್ಲದ ಸಣ್ಣ ಸ್ಥಳೀಯ ಸಂಸ್ಥೆ ಸೋಲುವುದು ಅಲ್ಲಿಯೇ.

ಆಡಳಿತ ವೆಚ್ಚ ಸೂತ್ರಕ್ಕೆ ಕಡಿಮೆ. ಹಣ ಮಾತ್ರ ಚೂರುಚೂರಾಗಿ, ಒಂದು ಕಟ್ಟಡಕ್ಕೂ ಸಾಲದಂತಾಗಬಹುದು.

ಪ್ರತಿವರ್ಷದ ದುರಸ್ತಿ, ಬಾಡಿಗೆ ನೆರವಿಗಾದರೆ ಸೂತ್ರ ಹೊಂದುತ್ತದೆ. ಜಾಗ, ಪರವಾನಗಿ ಸಿದ್ಧವಿರುವ ಕೆಲವೇ ದೊಡ್ಡ ನಿರ್ಮಾಣಗಳಿಗೆ ಸ್ಪರ್ಧೆ ಸರಿ, ಹಿಂದುಳಿದ ಪ್ರದೇಶಗಳ ಪಾಲನ್ನು ಮೊದಲೇ ತೆಗೆದಿಟ್ಟಿದ್ದರೆ.