ಹಸಿದ ‘ಒಳ್ಳೆಯ ಕಳ್ಳ’: ಪಸೊಲೀನಿಯ ‘ಲಾ ರಿಕೊಟ್ಟಾ’

ಬರೀ 35 ನಿಮಿಷದ ಸಿನಿಮಾ. ನೋಡಿ ಮುಗಿಸಿದ ಮೇಲೆ ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕು ಅಂತ ತೋಚುವುದಿಲ್ಲ. ನನಗೆ ಇಷ್ಟವಾದದ್ದೂ ಅದಕ್ಕೇ.

ಇಟಲಿಯ ಕವಿ, ನಿರ್ದೇಶಕ ಪಿಯೆರ್ ಪಾವ್ಲೊ ಪಸೊಲೀನಿ ಅವರ ‘ಲಾ ರಿಕೊಟ್ಟಾ’ 1963ರದ್ದು. ನಾಲ್ವರು ನಿರ್ದೇಶಕರ ನಾಲ್ಕು ಕಿರುಚಿತ್ರಗಳನ್ನು ಸೇರಿಸಿದ ‘ರೊಗೊಪಾಗ್’ನಲ್ಲಿ ಇದೂ ಒಂದು. ಉಳಿದವು ರೊಸ್ಸೆಲ್ಲಿನಿ, ಗೊದಾರ್ ಮತ್ತು ಗ್ರೆಗೊರೆತ್ತಿ ಅವರವು. ಅವನ್ನು ಓಡಿಸಿಕೊಂಡು ನೋಡಿದರೂ ನಷ್ಟವಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ರೋಮ್ ಹೊರವಲಯದ ಬಯಲಲ್ಲಿ ಯೇಸುವಿನ ಮರಣದ ಕಥೆಯ ಶೂಟಿಂಗ್ ನಡೆಯುತ್ತಿದೆ. ಯೇಸುವಿನ ಪಕ್ಕದ ಶಿಲುಬೆಯಲ್ಲಿ ಪಶ್ಚಾತ್ತಾಪಪಟ್ಟ ‘ಒಳ್ಳೆಯ ಕಳ್ಳ’ನ ಪಾತ್ರ ಸ್ತ್ರಾಚ್ಚಿ ಅನ್ನುವ ಬಡವನಿಗೆ ಸಿಕ್ಕಿದೆ. ಪ್ರೊಡಕ್ಷನ್‌ನವರು ಕೊಟ್ಟ ಊಟದ ಪೊಟ್ಟಣವನ್ನು ಅವನು ಹೆಂಡತಿ ಮಕ್ಕಳಿಗೆ ಕೊಟ್ಟುಬಿಡುತ್ತಾನೆ. ಆಮೇಲೆ ವಿಗ್ ಹಾಕಿಕೊಂಡು ಹೆಂಗಸಿನ ವೇಷದಲ್ಲಿ ಇನ್ನೊಂದು ಪೊಟ್ಟಣ ಹೊಡೆಯುತ್ತಾನೆ. ಅದನ್ನು ನಾಯಕಿಯ ನಾಯಿ ತಿಂದುಹಾಕುತ್ತದೆ. ಆ ನಾಯಿಯನ್ನೇ ಸೆಟ್ಟಿಗೆ ಬಂದ ಪತ್ರಕರ್ತನಿಗೆ ಸಾವಿರ ಲೀರಾಗೆ ಮಾರುತ್ತಾನೆ! ಆ ದುಡ್ಡಲ್ಲಿ ರಿಕೊಟ್ಟಾ ಚೀಸ್ ತಂದು, ಗವಿಯೊಳಗೆ ಕೂತು ಗಬಗಬ ತಿನ್ನುತ್ತಾನೆ. ಯೂನಿಟ್‌ನವರು ಅದನ್ನು ನೋಡಿ ನಗುತ್ತಾ ಇನ್ನಷ್ಟು ತಿನಿಸು ಎಸೆಯುತ್ತಾರೆ. ಕೊನೆಗೆ ಶಿಲುಬೆಯ ಮೇಲೆ, ಶಾಟ್‌ಗೆ ಎಲ್ಲ ರೆಡಿ ಆದಾಗ, ಅವನು ಸತ್ತಿರುತ್ತಾನೆ.

ನಾನು ಸಿನಿಮಾ ಸೆಟ್ಟುಗಳಲ್ಲಿ ಕಾಸ್ಟ್ಯೂಮ್ ಕೆಲಸ ಮಾಡಿದವಳು. ಭಾನುವಾರ ಚರ್ಚಿನ ಬಲಿಪೂಜೆಯನ್ನೂ ತಪ್ಪಿಸುವವಳಲ್ಲ. ಸೆಟ್ಟಿನ ವಿಷಯದಲ್ಲಿ ಈ ಸಿನಿಮಾ ಒಂದು ಸುಳ್ಳನ್ನೂ ಹೇಳಿಲ್ಲ. ಬ್ರೇಕ್ ಅಂದ ಕೂಡಲೇ ಊಟದ ಸಾಲಿನಲ್ಲಿ ಯಾರು ಮುಂದೆ, ಯಾರು ಹಿಂದೆ ಅಂತ ನೋಡಿದರೆ ಆ ಯೂನಿಟ್ ಎಂಥದು ಅಂತ ಗೊತ್ತಾಗುತ್ತದೆ. ಮೇಕಪ್ ಹಾಕಿಸಿಕೊಂಡು, ತಮ್ಮ ಶಾಟ್ ಬರುತ್ತೋ ಇಲ್ಲವೋ ತಿಳಿಯದೆ ಕಾಯುವ ಜೂನಿಯರ್ ಆರ್ಟಿಸ್ಟ್‌ಗಳ ಆ ಸುಸ್ತು ಇದೆಯಲ್ಲ, ಅದು ಇಲ್ಲಿ ಹಾಗೇ ಇದೆ.

ಸಿನಿಮಾದೊಳಗಿನ ನಿರ್ದೇಶಕನಾಗಿ ಅಮೆರಿಕದ ಹೆಸರಾಂತ ನಟ, ನಿರ್ದೇಶಕ ಆರ್ಸನ್ ವೆಲ್ಸ್ ಕುರ್ಚಿಯಲ್ಲಿ ಬೆಟ್ಟದ ಹಾಗೆ ಕೂತಿದ್ದಾರೆ. ದನಿ ಅವರದಲ್ಲ, ಲೇಖಕ ಜಾರ್ಜಿಯೊ ಬಸ್ಸಾನಿ ಅವರದು. ವೆಲ್ಸ್ ಕಂಠ ಕೇಳುವ ಆಸೆಯಿದ್ದವರಿಗೆ ನಿರಾಸೆ. ಈ ಸಿನಿಮಾದಲ್ಲಿ ಏನು ಹೇಳಲು ಹೊರಟಿದ್ದೀರಿ ಅಂತ ಪತ್ರಕರ್ತ ಕೇಳುತ್ತಾನೆ. ನನ್ನೊಳಗಿನ ಆಳವಾದ, ಪುರಾತನ ಕಥೊಲಿಕ ಭಕ್ತಿ ಅನ್ನುತ್ತಾನೆ ನಿರ್ದೇಶಕ. ಸಾವಿನ ಬಗ್ಗೆ ಕೇಳಿದರೆ, ಮಾರ್ಕ್ಸ್‌ವಾದಿಯಾಗಿ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ ಅನ್ನುತ್ತಾನೆ. ಎರಡೂ ಮಾತು ನಿಜವೇ ಇರಬಹುದು. ಆದರೆ ಅವನ ಕಣ್ಣೆದುರಿನ ಶಿಲುಬೆಯಲ್ಲಿ ಒಬ್ಬ ಹಸಿದಿದ್ದಾನೆ, ಅದು ಅವನಿಗೆ ಕಾಣುವುದೇ ಇಲ್ಲ. ಅವನು ಕೆಟ್ಟವನಲ್ಲ, ಒಳ್ಳೆಯ ಶಾಟ್‌ನ ಚಿಂತೆಯಲ್ಲಿದ್ದಾನೆ, ಅಷ್ಟೆ. ಅವನ ಕೈಯಲ್ಲಿರುವ ಪುಸ್ತಕ ಯಾರದು ಗೊತ್ತಾ? ಸ್ವತಃ ಪಸೊಲೀನಿಯದು. ಅದರಿಂದಲೇ ಪದ್ಯ ಓದಿ ಹೇಳುತ್ತಾನೆ. ಬೆರಳು ಯಾರ ಕಡೆ ತಿರುಗಿದೆ ಅಂತ ಬೇರೆ ಹೇಳಬೇಕಿಲ್ಲ, ಅಲ್ವಾ?

ಸ್ತ್ರಾಚ್ಚಿಯೂ ಸಂತನಲ್ಲ. ಬೈಬಲ್‌ನಲ್ಲಿ ಲೂಕನ ಸುವಾರ್ತೆಯ 23ನೇ ಅಧ್ಯಾಯದಲ್ಲಿ ಆ ಕಳ್ಳನ ಪಶ್ಚಾತ್ತಾಪ ಇದೆ, ಅವನು ಮಾಡಿದ್ದು ಏನು ಅನ್ನುವುದು ಇಲ್ಲ. ಪಸೊಲೀನಿ ಆ ಖಾಲಿ ಜಾಗ ತುಂಬಿದ್ದಾರೆ: ಒಂದು ಊಟದ ಪೊಟ್ಟಣ, ಯಾರದೋ ಒಂದು ನಾಯಿ. ಪಶ್ಚಾತ್ತಾಪವನ್ನು ಮಾತ್ರ ಕೈಬಿಟ್ಟಿದ್ದಾರೆ. ಯೇಸುವಿನ ಪಾತ್ರ ಮಾಡುತ್ತಾ ಮಾಡುತ್ತಾ ನಟನ ಮನಸ್ಸೇ ಬದಲಾಯಿತು ಅನ್ನುವ ಥರದ ಕಥೆಗಳು ನನಗೆ ಸಾಕಾಗಿವೆ. ಇಲ್ಲಿ ಯಾರೂ ಬದಲಾಗುವುದಿಲ್ಲ.

ಬಟ್ಟೆಗಳ ಬಗ್ಗೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಸಿನಿಮಾ ಹೆಚ್ಚುಪಾಲು ಕಪ್ಪು ಬಿಳುಪು. ಯೇಸುವನ್ನು ಶಿಲುಬೆಯಿಂದ ಇಳಿಸುವ ದೃಶ್ಯಗಳು ಕಲರ್. 16ನೇ ಶತಮಾನದ ಚಿತ್ರಕಾರರಾದ ಪೊಂತೊರ್ಮೊ ಮತ್ತು ರೊಸ್ಸೊ ಫಿಯೊರೆಂತಿನೊ ಅವರ ಚಿತ್ರಗಳನ್ನು ನಟರನ್ನು ನಿಲ್ಲಿಸಿ ಹಾಗೇ ಕಟ್ಟಿದ್ದಾರೆ. ಡ್ಯಾನಿಲೊ ದೊನಾತಿ ಮಾಡಿದ ಆ ಉಡುಪುಗಳ ಗುಲಾಬಿ, ಹಸಿರು, ಕಿತ್ತಳೆ ನೋಡುತ್ತಾ ಇದ್ದುಬಿಡಬಹುದು. ಅಷ್ಟರಲ್ಲಿ ಯಾರೋ ತಪ್ಪು ರೆಕಾರ್ಡ್ ಹಾಕುತ್ತಾರೆ. ಯೇಸುವಾದವನನ್ನು ಕೈಜಾರಿ ಕೆಡವುತ್ತಾರೆ. ಎಲ್ಲರೂ ಬಿದ್ದು ಬಿದ್ದು ನಗುತ್ತಾರೆ.

ಆ ನಗುವೇ ಮುಳುವಾಯಿತೋ ಏನೋ. 1963ರ ಮಾರ್ಚ್‌ನಲ್ಲಿ ರೋಮ್‌ನ ಕೋರ್ಟು ಧರ್ಮನಿಂದನೆ ಅಂತ ಪಸೊಲೀನಿಗೆ ನಾಲ್ಕು ತಿಂಗಳ ಶಿಕ್ಷೆ ಹಾಕಿತು. ಜೈಲಿಗೇನೂ ಹೋಗಲಿಲ್ಲ, ಮುಂದೆ ಮೇಲ್ಮನವಿಯಲ್ಲಿ ಖುಲಾಸೆಯಾಯಿತು. 1964ರಲ್ಲಿ ಅದೇ ಮನುಷ್ಯ ಮತ್ತಾಯನ ಸುವಾರ್ತೆಯನ್ನು ಭಕ್ತಿಯಿಂದ ಸಿನಿಮಾ ಮಾಡಿ, ತೀರಿಕೊಂಡಿದ್ದ ಪೋಪ್ 23ನೇ ಜಾನ್ ಅವರಿಗೆ ಅರ್ಪಿಸಿದರು.

ಈ ಗಲಾಟೆಯಲ್ಲಿ, ಸಿನಿಮಾದೊಳಗಿನ ನಿರ್ದೇಶಕ ಹೇಳುವ ಕೊನೆಯ ಮಾತೂ ಬದಲಾಯಿತು. ಸಾಯುವುದೇ ಸ್ತ್ರಾಚ್ಚಿಗೆ ಉಳಿದಿದ್ದ ಕ್ರಾಂತಿಯ ದಾರಿ ಅನ್ನುವ ಅರ್ಥದ ಮಾತು ಮೊದಲು ಇತ್ತು. ಈಗ ಇರುವುದು, ತಾನೂ ಬದುಕಿದ್ದೆ ಅಂತ ನಮಗೆ ನೆನಪಿಸಲು ಅವನಿಗೆ ಬೇರೆ ದಾರಿಯೇ ಇರಲಿಲ್ಲ ಅನ್ನುವ ಮಾತು. ಸೆನ್ಸಾರ್ ಪರ ನಾನಿಲ್ಲ. ಆದರೂ ಬದಲಾದದ್ದೇ ಜಾಸ್ತಿ ಚುಚ್ಚುತ್ತದೆ. ‘ಕ್ರಾಂತಿ’ ಅಂದಿದ್ದರೆ ನಿರ್ದೇಶಕ ಒಂದು ದೊಡ್ಡ ಮಾತಿನ ಹಿಂದೆ ಬಚ್ಚಿಟ್ಟುಕೊಳ್ಳುತ್ತಿದ್ದ. ‘ನಮಗೆ’ ಅಂದಾಗ ಅವನೂ ಸಿಕ್ಕಿಬಿದ್ದ.

ದೂರುಗಳೂ ಇವೆ. ಪತ್ರಕರ್ತನನ್ನು ತೀರಾ ಪೆದ್ದನಾಗಿ ಮಾಡಿದ್ದಾರೆ, ಅವನಿಗೆ ಬೈಯುವುದು ಸುಲಭದ ಕೆಲಸ. ಸ್ತ್ರಾಚ್ಚಿ ಓಡುವುದನ್ನು ಸ್ಪೀಡ್ ಮಾಡಿ ತೋರಿಸಿ ನಗಿಸುತ್ತಾರೆ. ನಾನೂ ನಕ್ಕೆ. ಅದು ಪಸೊಲೀನಿ ಬೇಕೆಂದೇ ನಮಗಿಟ್ಟ ಬಲೆಯೋ, ಸುಮ್ನೆ ತಮಾಷೆಗೆ ಮಾಡಿದ್ದೋ, ನನಗಿನ್ನೂ ಬಗೆಹರಿದಿಲ್ಲ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಸಬ್‌ಟೈಟಲ್ ಸರಿಯಾಗಿರುವ ಪ್ರತಿಯನ್ನೇ ಹುಡುಕಿ, ಸಂದರ್ಶನದ ಭಾಗದಲ್ಲಿ ಮಾತು ಬಹಳ ಜೋರಾಗಿ ಓಡುತ್ತದೆ. ಯೇಸುವಿನ ಕಥೆ ಅಂದುಕೊಂಡು ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ ಮನೆಮಂದಿಯನ್ನೆಲ್ಲ ಒಟ್ಟಿಗೆ ಕೂರಿಸಬೇಡಿ. ನಡುವೆ ಬಟ್ಟೆ ಬಿಚ್ಚುವ ದೃಶ್ಯವೊಂದಿದೆ.