ದುಡಿಯುವಾಗ ಗಟ್ಟಿ, ಸುಮ್ಮನೆ ಕೂತರೆ ಸಾವು: ನನ್ನ ಎಸ್‌ಎಂಪಿಎಸ್ ಕಥೆ

ಮದುವೆ ಆಲ್ಬಮ್ ಡಿಸೈನು, ವಿಡಿಯೊ ಎಡಿಟಿಂಗು ನನ್ನ ಹೊಟ್ಟೆಪಾಡು. ಕಳೆದ ವರ್ಷ ಸೀಸನ್ ಶುರುವಾಗೋ ಮೊದಲು ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ ರೈಜೆನ್ ಪ್ರೊಸೆಸರಿನ ಹೊಸ ಪಿಸಿ ಅಸೆಂಬಲ್ ಮಾಡಿಸಿದೆ. ರ‍್ಯಾಮಿಗೆ, ಎಸ್‌ಎಸ್‌ಡಿಗೆ ನಾಲ್ಕು ಅಂಗಡಿ ಸುತ್ತಿ ಚೌಕಾಸಿ ಮಾಡಿದವನು ಎಸ್‌ಎಂಪಿಎಸ್ (ಗೋಡೆಯ ಕರೆಂಟನ್ನು ಹದಮಾಡಿ ಪಿಸಿಯ ಭಾಗಗಳಿಗೆ ಹಂಚುವ ಡಬ್ಬ) ಸರದಿ ಬಂದಾಗ ಮಾತ್ರ “ಯಾವುದಾದ್ರೂ ಹಾಕಿ ಅಣ್ಣಾ” ಅಂದುಬಿಟ್ಟೆ. 600 ವ್ಯಾಟ್ ಅಂತ ಬರೆದಿದ್ದ ಒಂದನ್ನು ಹಾಕಿದರು. ಡಬ್ಬದ ಮೇಲೆ 80 ಪ್ಲಸ್ ಸ್ಟಿಕ್ಕರ್ ಬೇರೆ. ನಿಮಗೆ 450 ಸಾಕು, ಆದರೂ ದೊಡ್ಡದಿದ್ದರೆ ಒಳ್ಳೇದಲ್ವಾ ಸಾರ್ ಅಂದರು. ನನಗೂ ಹೌದೆನ್ನಿಸಿತು.

ಆರು ಗಂಟೆ ಸತತ ರೆಂಡರ್ (ಎಡಿಟ್ ಮಾಡಿದ ವಿಡಿಯೊವನ್ನು ಫೈಲಾಗಿ ಹೊರತೆಗೆಯುವ ಭಾರೀ ಕೆಲಸ) ಹಾಕಿದರೂ ಮಷೀನು ಜಗ್ಗುತ್ತಿರಲಿಲ್ಲ. ಕೆಲಸ ಮುಗಿಸಿ ಟೀ ಕುಡಿದು ಬರುವಷ್ಟರಲ್ಲಿ ಸ್ಕ್ರೀನ್ ಕಪ್ಪು, ಫ್ಯಾನ್ ಮಾತ್ರ ತಿರುಗುತ್ತಿದೆ, ಮೌಸು ಕೀಬೋರ್ಡು ಯಾವುದಕ್ಕೂ ಜಪ್ಪಯ್ಯ ಅನ್ನೋದಿಲ್ಲ. ಕೆಲವು ಸಲ ತಾನೇ ರೀಸ್ಟಾರ್ಟ್. ವಿಂಡೋಸಿನ ದಿನಚರಿಯಂಥ ಈವೆಂಟ್ ವ್ಯೂವರ್ ತೆಗೆದರೆ ‘ಕರ್ನಲ್-ಪವರ್ 41’. ಅದು ಹೇಳೋದು ಇಷ್ಟೇ: ಸರಿಯಾಗಿ ಶಟ್‌ಡೌನ್ ಆಗದೆ ಮಷೀನು ಮತ್ತೆ ಶುರುವಾಗಿದೆ ಅಂತ. ಯಾಕೆ ಅನ್ನೋದು ಅದಕ್ಕೂ ಗೊತ್ತಿರಲ್ಲ. ವಿಂಡೋಸ್ ಎರಡು ಸಲ ಹಾಕಿದೆ, ರ‍್ಯಾಮ್ ಬದಲಿಸಿದೆ, ಯುಪಿಎಸ್ ಬ್ಯಾಟರಿಗೂ ದುಡ್ಡು ಸುರಿದೆ. ಅಂಗಡಿಗೆ ಹೊತ್ತುಕೊಂಡು ಹೋದರೆ ಒಂದು ಗಂಟೆ ಸ್ಟ್ರೆಸ್ ಟೆಸ್ಟ್ ಓಡಿಸಿ “ಏನೂ ಪ್ರಾಬ್ಲಂ ಇಲ್ಲ ಸಾರ್” ಅಂದರು. ಇರೋದಾದರೂ ಹೇಗೆ? ಅವರು ಅದನ್ನು ದುಡಿಸಿ ನೋಡುತ್ತಿದ್ದರು, ಅದು ಸಾಯುತ್ತಿದ್ದದ್ದು ಬಿಡುವಿನಲ್ಲಿ.

ಸುಳಿವು ಕೊಟ್ಟದ್ದು ಕಿವಿ. ರಾತ್ರಿ ಮನೆಯೆಲ್ಲ ಮಲಗಿದಾಗ ಕ್ಯಾಬಿನೆಟ್ ಒಳಗಿಂದ ಜೀರುಂಡೆಯ ಹಾಗೆ ಚಿರ್… ಚಿರ್… ಅಂತ ಸದ್ದು. ಹೆಡ್‌ಫೋನ್ ಹಾಕಿದರೆ ಅದೇ ಲಯದಲ್ಲಿ ಗರಗರ. ರೆಂಡರ್ ಒತ್ತಿದ ಕ್ಷಣ ಎರಡೂ ಮಾಯ!

ಪಾಲಿಟೆಕ್ನಿಕ್ ಒಂದರಲ್ಲಿ ಪಾಠ ಮಾಡುವ ಗೆಳೆಯನಿಗೆ ಹೇಳಿದೆ. ಲ್ಯಾಬಿಗೆ ತಗೊಂಡು ಬಾ ಅಂದ. ಮಲ್ಟಿಮೀಟರ್ 12.1 ವೋಲ್ಟ್ ತೋರಿಸಿತು, ಏನೂ ಕೊರತೆಯಿಲ್ಲ. “ಮೀಟರ್ ಸರಾಸರಿ ಹೇಳುತ್ತೆ ಕಣೋ, ನಡುಕ ಹೇಳಲ್ಲ” ಅಂತ ವೋಲ್ಟೇಜಿನ ಏರಿಳಿತವನ್ನು ಗೆರೆಯಾಗಿ ತೋರಿಸುವ ಆಸಿಲೋಸ್ಕೋಪಿನ ಪ್ರೋಬ್ ಹಚ್ಚಿದ. ತೆರೆಯ ಮೇಲೆ ಗೆರೆ ಬಾಚಣಿಗೆ ಹಲ್ಲಿನ ಹಾಗೆ ಎದ್ದು ಬಿದ್ದು, ಸ್ವಲ್ಪ ನಿಂತು, ಮತ್ತೆ ಏಳುತ್ತಿತ್ತು. 12 ವೋಲ್ಟ್ ಲೈನಿನಲ್ಲಿ ರಿಪಲ್, ಅಂದರೆ ಆ ನಡುಕ, ಸುಮಾರು 190 ಮಿಲಿವೋಲ್ಟ್. ಪಿಸಿಯ ಎಸ್‌ಎಂಪಿಎಸ್‌ಗಳು ಪಾಲಿಸಬೇಕಾದ ಎಟಿಎಕ್ಸ್ ಮಾನದಂಡ ಒಪ್ಪುವುದು 120ರವರೆಗೆ ಮಾತ್ರ. 5 ಮತ್ತು 3.3 ವೋಲ್ಟಿಗೆ ಬರೀ 50. ಪಿಸಿಗೆ ಕೆಲಸ ಹಚ್ಚಿದಾಗ ಅದೇ ಗೆರೆ 60ಕ್ಕೆ ಇಳಿದು ಸಾಧುವಾಯಿತು.

ಅವನು ಬಿಡಿಸಿ ಹೇಳಿದ್ದು ಹೀಗೆ. ಲೋಡ್ (ಪಿಸಿ ಎಳೆಯುವ ಕರೆಂಟಿನ ಭಾರ) ತೀರಾ ಕಡಿಮೆಯಾದರೆ ಎಷ್ಟೋ ಎಸ್‌ಎಂಪಿಎಸ್‌ಗಳು ಕರೆಂಟ್ ಉಳಿಸಲು ಸತತವಾಗಿ ಸ್ವಿಚ್ ಮಾಡುವುದನ್ನು ಬಿಟ್ಟು, ಒಂದಿಷ್ಟು ಪಲ್ಸ್ ಕೊಟ್ಟು ಸುಮ್ಮನಾಗುತ್ತವೆ. ಆ ಬಿಡುವಿನಲ್ಲಿ ವೋಲ್ಟೇಜ್ ಕಾಪಾಡುವ ಹೊಣೆ ಚಾರ್ಜ್ ಹಿಡಿದಿಡುವ ಔಟ್‌ಪುಟ್ ಕೆಪಾಸಿಟರುಗಳದ್ದು. ಅವು ಕಳಪೆಯಾದರೆ ರಿಪಲ್ ಏರುತ್ತದೆ; ಪಲ್ಸುಗಳ ಲಯ ಕಿವಿಗೆ ಕೇಳುವಂತಿದ್ದರೆ ಅದೇ ಜೀರುಂಡೆ. ಇನ್ನು ಅಗ್ಗದ ಮಾಲಿನಲ್ಲಿ 12 ವೋಲ್ಟಿಗೂ 5 ವೋಲ್ಟಿಗೂ ಒಂದೇ ರೆಗ್ಯುಲೇಷನ್. ಪ್ರೊಸೆಸರ್ ನಿದ್ದೆಗೆ ಜಾರಿ 12ರ ಭಾರ ಇಳಿದರೆ ಎರಡೂ ಹದ ತಪ್ಪುತ್ತವೆ. 2013ರಲ್ಲಿ ಇಂಟೆಲ್‌ನ ಹ್ಯಾಸ್‌ವೆಲ್ ಪ್ರೊಸೆಸರ್ ಬಂದಾಗಲೇ ಈ ರಗಳೆ ಎದ್ದಿತ್ತು. ಅದರ ಗಾಢ ನಿದ್ದೆಯಲ್ಲಿ 12 ವೋಲ್ಟ್ ಲೈನಿನಿಂದ ಎಳೆಯುವ ಕರೆಂಟ್ 0.05 ಆಂಪಿಯರಿಗೆ ಇಳಿಯಬಹುದಿತ್ತು.

ಆ ಸ್ಟಿಕ್ಕರ್ ವಿಷಯ. 80 ಪ್ಲಸ್ ಅಂದರೆ ಕರೆಂಟ್ ಎಷ್ಟು ಪೋಲಾಗುತ್ತದೆ ಅನ್ನುವ ಲೆಕ್ಕ, ರಿಪಲ್‌ಗೆ ಕೊಟ್ಟ ಸರ್ಟಿಫಿಕೇಟ್ ಅಲ್ಲ. ಅಳೆಯುವುದೂ 20, 50, 100 ಶೇಕಡ ಲೋಡಿನಲ್ಲಿ. ಟೈಟೇನಿಯಂನಂಥ ಮೇಲಿನ ದರ್ಜೆಗೆ ಮಾತ್ರ 10ನ್ನೂ ನೋಡುತ್ತಾರೆ. ನನ್ನ 600 ವ್ಯಾಟಿಗೆ 20 ಶೇಕಡ ಅಂದರೆ 120 ವ್ಯಾಟ್. ಸುಮ್ಮನಿದ್ದಾಗ ನನ್ನ ಪಿಸಿ ಎಳೆಯುವುದು 45-50. ಬೇಡದ ದೊಡ್ಡಸ್ತಿಕೆಗೆ ದುಡ್ಡು ಕೊಟ್ಟು, ಆ ಸ್ಟಿಕ್ಕರ್ ಅಳೆಯದ ಮೂಲೆಗೆ ಹೋಗಿ ಕೂತಿದ್ದೆ.

ನಿಮ್ಮ ರೈಜೆನ್ ಪಿಸಿಯೂ ಸುಮ್ಮನಿದ್ದಾಗಲೇ ಕೈಕೊಡುತ್ತಿದ್ದರೆ, ಏನನ್ನಾದರೂ ಕೊಳ್ಳುವ ಮೊದಲು ಬಯೋಸಿನಲ್ಲಿ (ಪಿಸಿ ಆನ್ ಆಗುವಾಗ ತೆರೆಯುವ ಸೆಟ್ಟಿಂಗ್ಸ್ ಪರದೆ) ‘ಪವರ್ ಸಪ್ಲೈ ಐಡಲ್ ಕಂಟ್ರೋಲ್’ ಹುಡುಕಿ ‘ಟಿಪಿಕಲ್ ಕರೆಂಟ್ ಐಡಲ್’ ಮಾಡಿ ನೋಡಿ. ನನ್ನದು ಅಷ್ಟಕ್ಕೇ ಹ್ಯಾಂಗ್ ಆಗುವುದು ನಿಂತಿತು. ಗರಗರ ಮಾತ್ರ ಹೋಗಲಿಲ್ಲ. ಹಾಗಂತ ಎಸ್‌ಎಂಪಿಎಸ್ ಬಿಚ್ಚಿ ಕೆಪಾಸಿಟರ್ ನೋಡೋಣ ಅಂತ ಮಾತ್ರ ಹೋಗಬೇಡಿ. ಪ್ಲಗ್ ಕಿತ್ತ ಮೇಲೂ ಒಳಗೆ 300 ವೋಲ್ಟಿಗೂ ಮೇಲೆ ಉಳಿದಿರಬಹುದು.

ಕೊನೆಗೆ 5 ಮತ್ತು 3.3 ವೋಲ್ಟಿಗೆ ಬೇರೆ ಡಿಸಿ-ಡಿಸಿ ಪರಿವರ್ತಕ ಇರುವ, ಕಡಿಮೆ ಲೋಡಿನ ರಿಪಲ್ ಚಿತ್ರವನ್ನೂ ಯಾರೋ ಅಳೆದು ಹಾಕಿದ್ದ 450 ವ್ಯಾಟಿನದನ್ನು ಕೊಂಡೆ. ಅದೇ ಲ್ಯಾಬು, ಅದೇ ಪ್ರೋಬು: 25 ಮಿಲಿವೋಲ್ಟ್ ಆಸುಪಾಸು. ಹೆಡ್‌ಫೋನ್ ಈಗ ಮೌನ.

ಹಳೆಯದನ್ನು ಅಂಗಡಿಯವರು ವಾರಂಟಿಗೆ ತಗೊಳ್ಳಲಿಲ್ಲ, ಲೋಡ್ ಹಾಕಿದರೆ ಓಡುತ್ತಲ್ಲ ಸಾರ್ ಅಂದರು. ಮೊನ್ನೆ ಪಕ್ಕದ ಜೆರಾಕ್ಸ್ ಅಂಗಡಿ ಹುಡುಗ, “ಅಣ್ಣಾ, ಸುಮ್ನೆ ಬಿದ್ದಿದೆಯಲ್ಲ, ಐನೂರಕ್ಕೆ ಕೊಡ್ತೀರಾ?” ಅಂತ ಕೇಳಿದ. ಅವನ ಎದುರಿಗೇ ಅದರ 24 ಪಿನ್ನಿನ ವೈರು ಕತ್ತರಿಸಿ ಗುಜರಿ ಚೀಲಕ್ಕೆ ಹಾಕಿದೆ.